ಪದಚರ್ಚೆ: ‘ಸಕ್ಕರೆ’, ‘ಶರ್ಕರೆ’, ‘ಅಪಕರ್ಷಣಕಾರಿ’, ‘ಕಾರಕ’

ಮಾನ್ಯರೇ,

ಪದವಿ ತರಗತಿಯ ಜೀವರಸಾಯನ ಪ್ರಯೋಗಗಳಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯಕ್ಕೆ ‘ಸಕ್ಕರೆಯ ಪರೀಕ್ಷೆಗಳು’ ಎಂದು ಹೆಸರಿಟ್ಟು ಮುಂದುವರಿದವಳು ಎರಡನೆಯ ಪುಟದಲ್ಲೇ ನಿಂತುಬಿಟ್ಟೆ. ಅಲ್ಲಿ ನಾನೇ ಬರೆದಿದ್ದ ವಾಕ್ಯ ಹೀಗಿತ್ತು: ‘ಸಕ್ಕರೆಯ ದ್ರಾವಣಕ್ಕೆ ಬೆನೆಡಿಕ್ಟ್ ದ್ರಾವಣವನ್ನು ಬೆರೆಸಿ ಕುದಿಯುವ ನೀರಿನಲ್ಲಿಟ್ಟರೆ ನೀಲಿ ಬಣ್ಣ ಹೋಗಿ ಇಟ್ಟಿಗೆ ಕೆಂಪಿನ ಪ್ರಕ್ಷೇಪ ಕಾಣಿಸಿಕೊಳ್ಳುತ್ತದೆ.’ ಈ ಮಾತನ್ನು ನಂಬಿದ ವಿದ್ಯಾರ್ಥಿಯೊಬ್ಬ ಅಡುಗೆಮನೆಯ ಡಬ್ಬಿಯಿಂದ ಒಂದು ಚಮಚ ಸಕ್ಕರೆ ತಂದು ಕರಗಿಸಿ ಪರೀಕ್ಷಿಸಿದರೆ ಪ್ರನಾಳ ಎಷ್ಟು ಹೊತ್ತಾದರೂ ನೀಲಿಯಾಗಿಯೇ ಇರುತ್ತದೆ. ಕನ್ನಡಿಗರೆಲ್ಲರೂ ಯಾವ ವಸ್ತುವನ್ನು ಸಕ್ಕರೆ ಎನ್ನುತ್ತಾರೋ, ಮಂಡ್ಯವನ್ನು ಸಕ್ಕರೆ ನಾಡು ಎನ್ನುವಾಗ ಯಾವುದು ಮನಸ್ಸಿನಲ್ಲಿರುತ್ತದೋ, ಆ ಸುಕ್ರೋಸೇ ‘ಸಕ್ಕರೆಯ ಪರೀಕ್ಷೆ’ಯಲ್ಲಿ ನಪಾಸಾಗುತ್ತದೆ. ತಪ್ಪು ರಸಾಯನಶಾಸ್ತ್ರದ್ದಲ್ಲ, ನನ್ನ ಪದದ್ದು. ಈ ಪತ್ರಕ್ಕೆ ಅದೇ ಕಾರಣ.

ಪರೀಕ್ಷೆಯ ಒಳಗುಟ್ಟನ್ನು ಹೇಳದೆ ಪದದ ಚರ್ಚೆ ನಡೆಯದು. ಬೆನೆಡಿಕ್ಟ್ ದ್ರಾವಣದ ಒಂದು ಲೀಟರಿನಲ್ಲಿ 17.3 ಗ್ರಾಂ ಮೈಲುತುತ್ತ, 173 ಗ್ರಾಂ ಸೋಡಿಯಂ ಸಿಟ್ರೇಟ್ ಮತ್ತು 100 ಗ್ರಾಂ ಸೋಡಿಯಂ ಕಾರ್ಬೊನೇಟ್ ಇರುತ್ತವೆ. ಕಾರ್ಬೊನೇಟು ದ್ರಾವಣವನ್ನು ಕ್ಷಾರೀಯವಾಗಿಡುತ್ತದೆ. ಆ ಕ್ಷಾರದಲ್ಲಿ ತಾಮ್ರವು ತಳಕ್ಕಿಳಿಯದಂತೆ ಸಿಟ್ರೇಟು ಹಿಡಿದುಕೊಂಡಿರುತ್ತದೆ. (ಮೈಲುತುತ್ತವೆಂದರೆ ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮಲೆನಾಡಿನ ತೋಟಗಳಲ್ಲಿ ಸುಣ್ಣದೊಡನೆ ಬೆರೆಸಿ ಹೊಡೆಯುವ ಅದೇ ನೀಲಿ ಹರಳು. ಇಷ್ಟು ಪರಿಚಿತವಾದ ಪದವಿರುವಾಗ ಕೈಪಿಡಿಯಲ್ಲಿ ‘ತಾಮ್ರದ ಸಲ್ಫೇಟ್’ ಎಂಬುದನ್ನು ಮೊದಲ ಸಲ ಮಾತ್ರ ಬಳಸಿ ಆಮೇಲೆ ಮೈಲುತುತ್ತವೆಂದೇ ಬರೆದಿದ್ದೇನೆ.) ಗ್ಲೂಕೋಸಿನ ಉಂಗುರ ನೀರಿನಲ್ಲಿ ಆಗಾಗ ಬಿಚ್ಚಿಕೊಳ್ಳುತ್ತದೆ, ಹಾಗೆ ಬಿಚ್ಚಿಕೊಂಡಾಗ ತೆರೆದುಕೊಳ್ಳುವ ಆಲ್ಡಿಹೈಡ್ ತುದಿ ತಾಮ್ರಕ್ಕೆ ಎಲೆಕ್ಟ್ರಾನನ್ನು ಕೊಟ್ಟು, ನೀಲಿಯಾಗಿದ್ದ ತಾಮ್ರವನ್ನು ಕೆಂಪಾದ ಕ್ಯೂಪ್ರಸ್ ಆಕ್ಸೈಡಾಗಿ ಇಳಿಸುತ್ತದೆ. ಹಾಲಿನ ಲ್ಯಾಕ್ಟೋಸ್, ಮೊಳಕೆ ಧಾನ್ಯದ ಮಾಲ್ಟೋಸ್, ಜೇನಿನ ಫ್ರಕ್ಟೋಸ್ ಎಲ್ಲವೂ ಇದೇ ಕೆಲಸ ಮಾಡುತ್ತವೆ. ಸುಕ್ರೋಸಿನಲ್ಲಿ ಮಾತ್ರ ಗ್ಲೂಕೋಸ್ ಮತ್ತು ಫ್ರಕ್ಟೋಸ್ ತಮ್ಮ ಕ್ರಿಯಾಶೀಲ ತುದಿಗಳಿಂದಲೇ ಪರಸ್ಪರ ಬೆಸೆದುಕೊಂಡಿರುವುದರಿಂದ ಉಂಗುರ ಬಿಚ್ಚುವುದಿಲ್ಲ, ತಾಮ್ರ ಅಲುಗುವುದಿಲ್ಲ. ಅದೇ ದ್ರಾವಣಕ್ಕೆ ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುದಿಸಿ, ಆಮ್ಲವನ್ನು ತಟಸ್ಥಗೊಳಿಸಿ, ಮತ್ತೆ ಪರೀಕ್ಷಿಸಿದರೆ ಕೆಂಪು ಬರುತ್ತದೆ. ಬೆಲ್ಲದಲ್ಲಿ ಇಂಥ ಒಡೆದ ಸುಕ್ರೋಸ್ ಮೊದಲೇ ಒಂದಿಷ್ಟು ಇರುವುದರಿಂದ ಅದು ಆಮ್ಲದ ನೆರವಿಲ್ಲದೆಯೇ ಕೆಂಪಾಗುತ್ತದೆ. ಕಡಿದು ದಿನಗಟ್ಟಲೆ ಬಿಟ್ಟ ಕಬ್ಬಿನ ಬೆಲ್ಲ ಗಟ್ಟಿ ನಿಲ್ಲದೆ ನೀರೊಡೆಯುವುದಕ್ಕೂ ಈ ಒಡೆಯುವಿಕೆಯೇ ಕಾರಣವೆಂಬುದನ್ನು ಆಲೆಮನೆಯವರು ಪ್ರನಾಳದ ಹಂಗಿಲ್ಲದೆ ಬಲ್ಲರು.

ಹೀಗಾಗಿ ನನಗೆ ಎರಡು ಪದಗಳು ಬೇಕಾಗಿವೆ: ಡಬ್ಬಿಯ ಹರಳಿಗೆ ಒಂದು, ಇಡೀ ಕುಲಕ್ಕೆ ಇನ್ನೊಂದು. ಹರಳಿಗೆ ‘ಸಕ್ಕರೆ’ಯನ್ನೂ ಕುಲಕ್ಕೆ ‘ಶರ್ಕರೆ’ಯನ್ನೂ ಗೊತ್ತುಮಾಡಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ಎರಡೂ ಒಂದೇ ಪದವೆಂಬುದು ಎಲ್ಲರಿಗೂ ತಿಳಿದದ್ದೇ. ಕರ್ಕಶ ಕಕ್ಕಸವಾದಂತೆ, ಅರ್ಕ ಎಕ್ಕವಾದಂತೆ ಶರ್ಕರಾ ಸಕ್ಕರೆಯಾಗಿದೆ. ಆದರೆ ತತ್ಸಮ ಒಂದು ಅರ್ಥದಲ್ಲಿಯೂ ಅದರ ತದ್ಭವ ಇನ್ನೊಂದು ಅರ್ಥದಲ್ಲಿಯೂ ನೆಲೆಗೊಳ್ಳುವುದು ಕನ್ನಡಕ್ಕೆ ಹೊಸದೇನಲ್ಲ: ಚುನಾವಣೆಗೆ ನಿಲ್ಲುವುದು ಪಕ್ಷ, ಮನೆಯ ಬದಿಗಿರುವುದು ಪಕ್ಕ, ತರಗತಿಯಲ್ಲಿ ಸಿಗುವುದು ಮೊದಲ ಸ್ಥಾನ, ಪ್ರವಾಸಿಗರು ಹೋಗುವುದು ತಾಣಕ್ಕೆ. ಇಂಗ್ಲಿಷಿನವರೂ ಇದನ್ನೇ ಮಾಡಿದ್ದಾರೆ. ಅವರ ‘ಶುಗರ್’ ಪರ್ಷಿಯನ್, ಅರಬ್ಬಿಗಳ ದಾರಿಯಲ್ಲಿ ಬಂದದ್ದು, ‘ಸ್ಯಾಕರೈಡ್’ ಗ್ರೀಕಿನ ದಾರಿಯಲ್ಲಿ ಬಂದದ್ದು, ಎರಡರ ಮೂಲವೂ ನಮ್ಮ ಶರ್ಕರೆಯೇ. ಇನ್ನೊಂದು ಅನುಕೂಲವೂ ಇದೆ. ಕಾರ್ಬೋಹೈಡ್ರೇಟಿಗೆ ‘ಶರ್ಕರಪಿಷ್ಟ’ ಎಂಬ ಪದ ಈಗಾಗಲೇ ಬಳಕೆಯಲ್ಲಿದ್ದು, ಆ ಜೋಡುಪದವನ್ನು ಪ್ರಯೋಗಶಾಲೆಯ ಪರೀಕ್ಷೆಗಳೇ ಬಿಡಿಸಿ ತೋರಿಸುತ್ತವೆ. ಅಯೋಡಿನ್ ಹನಿಗೆ ಕಡುನೀಲಿಯಾಗುವುದು ಪಿಷ್ಟ; ಬೆನೆಡಿಕ್ಟಿಗೆ ಕೆಂಪಾಗುವುದು ಶರ್ಕರೆಗಳಲ್ಲಿ ಹೆಚ್ಚಿನವು; ಆಲ್ಫಾ ನ್ಯಾಫ್ತಾಲ್ ಬೆರೆಸಿ ಪ್ರನಾಳದ ಗೋಡೆಯ ಗುಂಟ ಪ್ರಬಲ ಸಲ್ಫ್ಯೂರಿಕ್ ಆಮ್ಲವನ್ನು ಇಳಿಬಿಟ್ಟಾಗ ನೇರಳೆ ಉಂಗುರ ಕಟ್ಟುವ ಮೋಲಿಷ್ ಪರೀಕ್ಷೆ ಶರ್ಕರೆ, ಪಿಷ್ಟ ಎರಡಕ್ಕೂ, ಸುಕ್ರೋಸಿಗೂ, ಒಲಿಯುತ್ತದೆ.

ನನ್ನ ಸಲಹೆಗೆ ಆಕ್ಷೇಪಗಳಿವೆ, ಅವನ್ನು ನಾನೇ ಹೇಳಿಬಿಡುತ್ತೇನೆ. ಪಂಚಾಮೃತದ ಅಭಿಷೇಕದಲ್ಲಿ ಪುರೋಹಿತರು ಶರ್ಕರಾ ಎಂದಾಗ ತಟ್ಟೆಯಲ್ಲಿರುವುದು ಅಂಗಡಿಯ ಸಕ್ಕರೆಯೇ. ಇದು ದೊಡ್ಡ ತೊಡಕಲ್ಲ. ಇದಕ್ಕಿಂತ ಬಲವಾದದ್ದು ಆಯುರ್ವೇದದಿಂದ ಬರುವ ಆಕ್ಷೇಪ. ಶರ್ಕರಾ ಎಂಬುದರ ಇನ್ನೊಂದು ಅರ್ಥ ಮರಳುಕಲ್ಲು, ನೊರಜು. ಅಶ್ಮರಿಯ (ಮೂತ್ರದ ಕಲ್ಲಿನ) ಜೊತೆಯಲ್ಲಿ ವೈದ್ಯಗ್ರಂಥಗಳು ಹೇಳುವ ಶರ್ಕರಾ ಮೂತ್ರದಲ್ಲಿ ಹೋಗುವ ಕಲ್ಲಿನ ಪುಡಿ. ಈಗ ನಾನು ‘ಮೂತ್ರದಲ್ಲಿ ಶರ್ಕರೆಯ ಪರೀಕ್ಷೆ’ ಎಂದು ಬರೆದರೆ ವೈದ್ಯರೊಬ್ಬರು ಒಂದು ರೋಗವನ್ನೂ ಪಂಡಿತರೊಬ್ಬರು ಇನ್ನೊಂದು ರೋಗವನ್ನೂ ನೆನೆದಾರು. ಕೈಪಿಡಿಯಲ್ಲಿ ಆ ಪರೀಕ್ಷೆ ಇದ್ದೇ ಇದೆ: 5 ಮಿಲಿಲೀಟರ್ ಬೆನೆಡಿಕ್ಟ್ ದ್ರಾವಣಕ್ಕೆ 8 ಹನಿ ಮೂತ್ರ ಹಾಕಿ ಕುದಿಸಿ, ಬಣ್ಣ ಹಸಿರೋ ಹಳದಿಯೋ ಕಿತ್ತಳೆಯೋ ಕೆಂಪೋ ಎಂದು ನೋಡಿ, ಹಸಿರಾದರೆ ಅಲ್ಪ, ಕೆಂಪಾದರೆ ಬಹಳ ಎಂದು ಅಂದಾಜು ಮಾಡುವುದು. ಅಲ್ಲಿ ಹುಡುಕುತ್ತಿರುವುದು ಗ್ಲೂಕೋಸನ್ನು ಆದ್ದರಿಂದ ‘ಮೂತ್ರದಲ್ಲಿ ಗ್ಲೂಕೋಸ್’ ಎಂದೇ ಬರೆಯುವುದು ಕ್ಷೇಮವೆಂದು ತೋರುತ್ತದೆ. ‘ಸಕ್ಕರೆ ಕಾಯಿಲೆ’ ಎಂಬ ಬಳಕೆಯನ್ನು ಮುಟ್ಟುವ ಉದ್ದೇಶ ನನಗಿಲ್ಲ. ಹಿಂದಿನವರ ‘ಸಿಹಿಮೂತ್ರ’ ಅದಕ್ಕಿಂತ ಖಚಿತವಾಗಿತ್ತು ಎಂಬುದು ಮಾತ್ರ ನನ್ನ ಅನಿಸಿಕೆ.

ಎರಡನೆಯ ಪ್ರಶ್ನೆ ತಾಮ್ರವನ್ನು ಇಳಿಸುವ ಆ ಗುಣದ ಹೆಸರನ್ನು ಕುರಿತದ್ದು. ಶಾಲೆಯ ಪಾಠಗಳಲ್ಲಿ ಉತ್ಕರ್ಷಣ (ಎಲೆಕ್ಟ್ರಾನನ್ನು ಕಳೆದುಕೊಳ್ಳುವುದು), ಅಪಕರ್ಷಣ (ಎಲೆಕ್ಟ್ರಾನನ್ನು ಪಡೆಯುವುದು) ಎಂಬ ಜೋಡಿ ನಿಂತಿದೆ, ಅದನ್ನು ಬದಲಿಸುವ ಅಗತ್ಯವಿಲ್ಲ. ಆದರೆ ಇಂಗ್ಲಿಷಿನಲ್ಲಿ ‘ರೆಡ್ಯೂಸಿಂಗ್ ಶುಗರ್’ ಎನ್ನುವ ಇಂಥ ಶರ್ಕರೆಗಳನ್ನು ‘ಅಪಕರ್ಷಿತ’ ಎಂದು ಬರೆದದ್ದನ್ನು ಒಂದು ಕಡೆ ನೋಡಿದೆ. ಇನ್ನೊಂದು ಕಡೆ, ಆಹಾರದ ಬಗೆಗಿನ ಲೇಖನವೊಂದರಲ್ಲಿ, ‘ಸಕ್ಕರೆಯನ್ನು ಕಡಿಮೆ ಮಾಡುವ ಅಂಶ’ ಎಂದಿತ್ತು. ಎರಡನೆಯದು ಅಪಾಯಕಾರಿಯಾದ ತಪ್ಪು, ಏಕೆಂದರೆ ಮಧುಮೇಹವಿದ್ದವರು ಅದನ್ನು ಔಷಧವೆಂದು ತಿಳಿದುಕೊಳ್ಳಬಹುದು. ಮೊದಲನೆಯದರಲ್ಲಿ ಕರ್ತೃ ಕರ್ಮಗಳು ಅದಲುಬದಲಾಗಿವೆ: ಅಪಕರ್ಷಿತವಾದದ್ದು ತಾಮ್ರ, ಅಪಕರ್ಷಿಸಿದ್ದು ಶರ್ಕರೆ, ಆ ಕೆಲಸದಲ್ಲಿ ಶರ್ಕರೆ ತಾನು ಉತ್ಕರ್ಷಣಗೊಂಡಿತು. ‘ಅಪಕರ್ಷಕ ಶರ್ಕರೆ’ ಎಂಬುದು ಚಿಕ್ಕದಾಗಿ ಚೆನ್ನಾಗಿದ್ದರೂ ಅಪಕರ್ಷವೆಂದರೆ ಕೀಳಾಗುವಿಕೆ ಎಂಬ ನಿತ್ಯದ ಅರ್ಥ ಎದುರಿಗೆ ಬಂದು, ಇದೇನೋ ಕಳಪೆ ಸಕ್ಕರೆ ಇರಬೇಕು ಎಂದುಕೊಳ್ಳುವವರಿದ್ದಾರೆ. ‘ಅಪಕರ್ಷಣಕಾರಿ ಶರ್ಕರೆ’ ಉದ್ದವಾದರೂ ಮಾಡುವವನು ಯಾರೆಂಬುದನ್ನು ಬಿಡಿಸಿ ಹೇಳುತ್ತದೆ, ಶಾಲೆಯಿಂದ ಬಂದವರಿಗೆ ಗುರುತೂ ಸಿಗುತ್ತದೆ. ಅದನ್ನೇ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಹಗುರವಾದ ಪದ ಯಾರಿಗಾದರೂ ಹೊಳೆದರೆ ಸಂತೋಷ.

ಮೂರನೆಯದು ‘ಕಾರಕ’. ಬೆನೆಡಿಕ್ಟ್, 1849ರಿಂದ ಬಳಕೆಯಲ್ಲಿರುವ ಫೆಹ್ಲಿಂಗ್, ಗಾಜಿನ ಒಳಮೈಗೆ ಬೆಳ್ಳಿಯ ಕನ್ನಡಿ ಹಿಡಿಸುವ ಟಾಲೆನ್ಸ್, ಈ ಪರೀಕ್ಷಾ ದ್ರಾವಣಗಳಿಗೆಲ್ಲ ಸಾಮಾನ್ಯವಾದ ಹೆಸರು (ಇಂಗ್ಲಿಷಿನ ‘ರಿಯೇಜೆಂಟ್’) ಬೇಕು. ‘ಪ್ರತಿವರ್ತಕ’ವನ್ನು ಪಠ್ಯಗಳು ಕ್ರಿಯೆಯಲ್ಲಿ ಭಾಗವಹಿಸುವ ಎಲ್ಲ ವಸ್ತುಗಳಿಗೂ ಕೊಟ್ಟಾಗಿದೆ, ಆ ಲೆಕ್ಕದಲ್ಲಿ ಗ್ಲೂಕೋಸೂ ಪ್ರತಿವರ್ತಕವೇ. ‘ಸೂಚಕ’ ಲಿಟ್ಮಸ್ಸಿನಂಥವುಗಳಿಗೆ ಮೀಸಲು. ‘ಪರೀಕ್ಷಕ’ ಎಂದರೆ ಅಂಕಪಟ್ಟಿ ಹಿಡಿದು ಕುಳಿತವರು. ಹಿಂದಿಯ ‘ಅಭಿಕರ್ಮಕ’ ನಮ್ಮ ಕಿವಿಗೆ ವ್ಯಾಕರಣದ ಸಕರ್ಮಕ, ಅಕರ್ಮಕಗಳ ದಾಯಾದಿಯಂತೆ ಕೇಳಿಸುತ್ತದೆ. ಕಾರಕಕ್ಕೂ ವ್ಯಾಕರಣದ ನಂಟಿದೆಯಾದರೂ ರೋಗಕಾರಕ ಮುಂತಾದವುಗಳಿಂದ ಅದು ವಿಜ್ಞಾನದ ಬರಹದಲ್ಲಿ ಒಗ್ಗಿಹೋಗಿದೆ. ತೊಡಕು ಇಷ್ಟೇ: ಈ ಪರೀಕ್ಷೆಯಲ್ಲಿ ಕಾರಕವೆನಿಸಿಕೊಂಡ ದ್ರಾವಣ ಉತ್ಕರ್ಷಣಕಾರಿ, ಪರೀಕ್ಷೆಗೆ ಒಳಗಾದ ಶರ್ಕರೆ ಅಪಕರ್ಷಣಕಾರಿ. ‘ಕಾರಿ’, ‘ಕಾರಕ’ಗಳೆರಡೂ ಒಂದೇ ವಾಕ್ಯದಲ್ಲಿ ಬಂದಾಗ ಓದುಗರು ಎಡವುವುದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ವಿಧಾನವನ್ನು ಹೇಳುವಲ್ಲಿ ‘ಬೆನೆಡಿಕ್ಟ್ ದ್ರಾವಣ’ ಎಂದೂ ವರ್ಗವನ್ನು ಹೇಳುವಲ್ಲಿ ಮಾತ್ರ ‘ಕಾರಕ’ ಎಂದೂ ಬರೆಯುತ್ತಿದ್ದೇನೆ.

ಕೊನೆಯದಾಗಿ, ತಳದಲ್ಲಿ ಕೂರುವ ಆ ಕೆಂಪು ಪುಡಿ. ‘ಪ್ರಕ್ಷೇಪ’ ಪಠ್ಯದ ಪದ. ಆದರೆ ಹಳೆಯ ಕಾವ್ಯಗಳನ್ನು ಓದಿದವರಿಗೆ ಪ್ರಕ್ಷೇಪವೆಂದರೆ ಯಾರೋ ನಡುವೆ ತುರುಕಿದ ಪದ್ಯ. ನನ್ನ ಕೈ ‘ಗಸಿ’ಯ ಕಡೆಗೆ ಎಳೆಯುತ್ತದೆ. ಎಣ್ಣೆಗೆ ಮಡ್ಡಿ, ಕಾಫಿಗೆ ಚರಟ, ತುಪ್ಪಕ್ಕೆ ಗಸಿ ಎಂದು ಮನೆಯಲ್ಲಿ ಕೇಳಿ ಬೆಳೆದವಳು ನಾನು. ಆದರೆ ಈ ಮೂರೂ ಮೊದಲೇ ಇದ್ದದ್ದು ತಳಕ್ಕಿಳಿದಾಗ ಹೇಳುವ ಮಾತುಗಳು, ಕ್ಯೂಪ್ರಸ್ ಆಕ್ಸೈಡಾದರೋ ನಮ್ಮ ಕಣ್ಣೆದುರಿಗೆ ಹೊಸದಾಗಿ ಹುಟ್ಟಿದ್ದು. ಹಾಗೆ ಹುಟ್ಟಿ ಕೂತದ್ದಕ್ಕೂ ಗಸಿ ಎನ್ನುವ ರೂಢಿ ನಿಮ್ಮ ಕಡೆ ಇದೆಯೇ? ಗಸಿ ಎಂದೊಡನೆ ತೆಂಗಿನಕಾಯಿ ಅರೆದು ಮಾಡಿದ ಸಾರು ನೆನಪಾಗುವ ಕರಾವಳಿಯವರು ಇದನ್ನು ಒಪ್ಪುತ್ತಾರೆಯೇ?