ಶಿರಾ ಕಡೆ 2 ಎಕರೆ: ಸಾಲ ಮಾಡಿ ಕೊಳ್ಳಬಹುದಾ?

ಪ್ರಶ್ನೆ:
ಬೆಂಗಳೂರಲ್ಲಿ ಕೆಲಸ, ವಯಸ್ಸು 41. ಶಿರಾ ತಾಲ್ಲೂಕಲ್ಲಿ 2 ಎಕರೆ 6 ಗುಂಟೆ ನೋಡಿದ್ದೇನೆ. ಎಕರೆಗೆ 18 ಲಕ್ಷ ಹೇಳುತ್ತಿದ್ದಾರೆ. ಒಂದು ಬೋರ್, 40 ತೆಂಗಿನ ಮರ ಇವೆ. ಕೈಯಲ್ಲಿರೋದು 24 ಲಕ್ಷ. ಉಳಿದ 15 ಲಕ್ಷ ಪರ್ಸನಲ್ ಲೋನ್ ಮಾಡೋಣ ಅಂತ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಕೊಳ್ಳಬಹುದಲ್ವಾ? ಮತ್ತೇನು ಭಯ?

ಉತ್ತರ 1:
ಕೊಳ್ಳಬಹುದು ಸರ್. ಕೊಂಡಮೇಲಿನ ಕಥೆ ಕೇಳಿ. ನಾನು 2021ರಲ್ಲಿ ಮಧುಗಿರಿ ಕಡೆ ತಗೊಂಡೆ. ಜಮೀನು ನೋಡಲು ಹೋದ ದಿನ ಬೋರ್ ಆನ್ ಮಾಡಿದರು. ಪೈಪ್ ತುಂಬಾ ನೀರು, ನಾನು ಕೈಯೊಡ್ಡಿ ಮುಖ ತೊಳೆದುಕೊಂಡೆ. ಹತ್ತು ನಿಮಿಷ ನೋಡಿ ಖುಷಿಯಾಗಿ ಬಂದೆ. ಆಮೇಲೆ ಗೊತ್ತಾಯಿತು, ಅದು ಅರ್ಧ ಗಂಟೆ ಓಡಿದರೆ ಬರೀ ಗಾಳಿ ಕಕ್ಕುತ್ತದೆ. ಏಪ್ರಿಲ್‌ನಲ್ಲಿ ಹೋಗಿ, ನಾಲ್ಕು ಗಂಟೆ ಓಡಿಸಿ, ಪಕ್ಕದಲ್ಲೇ ಕೂತು ನೋಡಿ.

ನೀರಿಗಿಂತ ದೊಡ್ಡ ಪೆಟ್ಟು ಬೇರೆ. ಪಹಣಿಯಲ್ಲಿ ನನಗೆ ಮಾರಿದವರ ಹೆಸರು ಒಂದೇ ಇತ್ತು, ಅದನ್ನೇ ನಂಬಿದೆ. ಪಿತ್ರಾರ್ಜಿತ ಜಮೀನು, ಅವರ ತಂಗಿ ಸಹಿ ಹಾಕಿರಲಿಲ್ಲ. ಈಗ ಆ ತಂಗಿ ಪಾಲಿಗೆ ದಾವೆ ಹಾಕಿದ್ದಾರೆ. ಅವರ ತಪ್ಪೇನಿಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ನನಗೆ ಮಾತ್ರ ಮಾರೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ.

ನಿಮ್ಮ ಲೆಕ್ಕ ಹಾಕಿದೆ. 15 ಲಕ್ಷಕ್ಕೆ 12% ಬಡ್ಡಿ, 5 ವರ್ಷ ಅಂದರೆ ಕಂತು ಸುಮಾರು 33 ಸಾವಿರ. ಮರಕ್ಕೆ ವರ್ಷಕ್ಕೆ 80 ಕಾಯಿ, ಕಾಯಿಗೆ 20 ರೂಪಾಯಿ ಹಿಡಿದರೂ 64 ಸಾವಿರ. ವರ್ಷದ ಫಸಲು ಎರಡು ಕಂತಿಗೂ ಸಾಲಲ್ಲ. ಕೂಲಿ, ಗೊಬ್ಬರ ಇನ್ನೂ ಸೇರಿಸಿಲ್ಲ!

ಉತ್ತರ 2:
ಹಳೇ ಪಹಣಿ, ಮ್ಯುಟೇಶನ್ (ಯಾರಿಂದ ಯಾರ ಹೆಸರಿಗೆ ಬದಲಾಯಿತು ಅನ್ನೋ ದಾಖಲೆ) ಎಲ್ಲಾ ತೆಗೆಸಿ. ಎಸ್‌ಸಿ, ಎಸ್‌ಟಿ ಕುಟುಂಬಕ್ಕೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ (ಅಂಥ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಕ್ರಯ ನಿಲ್ಲಲ್ಲ. ನಾಲ್ಕು ಕೈ ಬದಲಾಗಿದ್ದರೂ ಅಷ್ಟೇ. ಜಮೀನು ವಾಪಸ್ ಕೇಳೋಕೆ ಕಾಲಮಿತಿ ಅನ್ನೋ ಮಾತನ್ನೂ 2023ರಲ್ಲಿ ತೆಗೆದುಹಾಕಿದ್ದಾರೆ. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಳ್ಳೋದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು. ಬಂಡಿದಾರಿ ನಕಾಶೆಯಲ್ಲಿದೆಯಾ, ಸುಮ್ನೆ ಬಾಯಿಮಾತಾ, ಅದನ್ನೂ ನೋಡಿ.

ಪ್ರಶ್ನೆ ಕೇಳಿದವರು:
ಇವತ್ತು ಜಮೀನು ಮಾರುವವರಿಗೆ ಫೋನ್ ಮಾಡಿ ಕೇಳಿದೆ. ಇಬ್ಬರು ತಂಗಿಯರಿದ್ದಾರಂತೆ. ಸಹಿ ಅಂದಿದ್ದಕ್ಕೆ, 'ಅವರದೇನಿದೆ ಸರ್, ಮದುವೆಯಾಗಿ ಹೋಗಿದ್ದಾರೆ' ಅಂದರು. ನಾಳೆ 2 ಲಕ್ಷ ಅಡ್ವಾನ್ಸ್ ಕೇಳ್ತಿದ್ದಾರೆ.

ಉತ್ತರ 1:
ನನಗೂ ಇದೇ ಮಾತು ಹೇಳಿದ್ದರು ಸರ್. ಕೊಡಬೇಡಿ.