ಒಬ್ಬ ಆಟಗಾರ ಯಾವ ಅಕಾಡೆಮಿಯವನು ಅಂತ ಲೆಕ್ಕ ಹಾಕೋದು ಹೇಗೆ?

ಕಾರ್ನರ್_ಬಾವುಟ (ಪ್ರಶ್ನೆ)

ಫುಟ್‌ಬಾಲ್ ಕ್ಲಬ್‌ವಾರು ಅಕಾಡೆಮಿ ಆಟಗಾರರ ಪಟ್ಟಿ ಮಾಡುವಾಗ ಗೆರೆ ಎಲ್ಲಿ ಎಳೀಬೇಕು? ಬಾರ್ಸಿಲೋನಾ ಪುಟದಲ್ಲೇ ಗಾಡಿ ನಿಂತಿದೆ. 2012ರ ನವೆಂಬರ್ 25, ಲೆವಾಂತೆ ವಿರುದ್ಧದ ಪಂದ್ಯ. ಡ್ಯಾನಿ ಆಲ್ವೆಸ್ ಗಾಯಗೊಂಡು ಮೊಂಟೋಯಾ ಒಳಗೆ ಬಂದ ಮೇಲೆ ಮೈದಾನದಲ್ಲಿದ್ದ ಹನ್ನೊಂದೂ ಜನ ಲಾ ಮಾಸಿಯಾದವರು (ಬಾರ್ಸಿಲೋನಾದ ಅಕಾಡೆಮಿ) ಅಂತ ಎಲ್ಲ ಕಡೆ ಬರೆದಿದೆ: ವಾಲ್ಡೆಸ್, ಮೊಂಟೋಯಾ, ಪಿಕೆ, ಪುಯೋಲ್, ಆಲ್ಬಾ, ಬುಸ್ಕೆಟ್ಸ್, ಷಾವಿ, ಇನಿಯೆಸ್ಟಾ, ಫ್ಯಾಬ್ರೆಗಾಸ್, ಪೆಡ್ರೊ, ಮೆಸ್ಸಿ.

ಆದರೆ ಪುಯೋಲ್, ಪೆಡ್ರೊ ಇಬ್ಬರೂ ಬಂದಿದ್ದೇ 17ನೇ ವಯಸ್ಸಿಗೆ. ಆಲ್ಬಾನನ್ನು ಕ್ಲಬ್ಬೇ 2005ರಲ್ಲಿ ಬಿಟ್ಟು ಕಳಿಸಿ, 2012ರಲ್ಲಿ ದುಡ್ಡು ಕೊಟ್ಟು ವಾಪಸ್ ತಂತು. ಫ್ಯಾಬ್ರೆಗಾಸ್ 16ಕ್ಕೇ ಆರ್ಸೆನಲ್‌ಗೆ ಹೋದ. ಇವರನ್ನೆಲ್ಲ ಒಂದೇ ಕಾಲಂಗೆ ಹಾಕಬಹುದಾ? ಇದಕ್ಕೆ ಅಧಿಕೃತ ನಿಯಮ ಅಂತ ಏನಾದ್ರೂ ಇದೆಯಾ? ರೊನಾಲ್ಡೊ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನವನು ಅನ್ನೋದರಲ್ಲಾದರೂ ಅನುಮಾನ ಇಲ್ಲ ತಾನೇ?

ನೋಂದಣಿ_ಗುಮಾಸ್ತ

ಅನುಮಾನ ಇದೆ! ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ) ನಿಯಮ ಹಿಡಿದು ಕೂತರೆ ರೊನಾಲ್ಡೊ ಎರಡು ಕ್ಲಬ್‌ಗಳ ಕೂಸು.

ನಿಯಮ ಹೀಗಿದೆ. ಯುಇಎಫ್‌ಎ ಟೂರ್ನಿಗೆ ಕ್ಲಬ್ ಕೊಡುವ ಎ ಪಟ್ಟಿಯಲ್ಲಿ ಗರಿಷ್ಠ 25 ಜನ. ಅದರಲ್ಲಿ 8 ಜಾಗ 'ಸ್ಥಳೀಯವಾಗಿ ತಯಾರಾದವರಿಗೆ' ಮೀಸಲು. ಆ ಎಂಟರಲ್ಲಿ ಅದೇ ದೇಶದ ಬೇರೆ ಕ್ಲಬ್‌ಗಳಲ್ಲಿ ಬೆಳೆದವರು 4ಕ್ಕಿಂತ ಹೆಚ್ಚು ಇರುವಂತಿಲ್ಲ, ಉಳಿದವರು ಸ್ವಂತ ಕ್ಲಬ್‌ನಲ್ಲೇ ತಯಾರಾಗಿರಬೇಕು. ಅಂಥವರು ಸಿಗದಿದ್ದರೆ ಆ ಜಾಗ ಖಾಲಿ, ಹೊರಗಿನವರಿಂದ ತುಂಬುವಂತಿಲ್ಲ.

'ಕ್ಲಬ್‌ನಲ್ಲಿ ತಯಾರಾದವನು' ಅಂದರೆ 15 ತುಂಬುವ ಸೀಸನ್ ಶುರುವಾದಾಗಿನಿಂದ 21 ತುಂಬುವ ಸೀಸನ್ ಮುಗಿಯುವವರೆಗಿನ ಅವಧಿಯಲ್ಲಿ ಮೂರು ಪೂರ್ತಿ ಸೀಸನ್ ಅಥವಾ 36 ತಿಂಗಳು ಆ ಕ್ಲಬ್‌ನಲ್ಲಿ ನೋಂದಣಿ ಇದ್ದವನು. ಸತತವಾಗಿಯೇ ಇರಬೇಕೆಂದಿಲ್ಲ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದನ್ನು ಯಾರೂ ಕೇಳುವುದಿಲ್ಲ.

ಮೊದಲು ಹುಟ್ಟಿದ ತಾರೀಕು ಬರೆದುಕೊಳ್ಳಿ, ಆಮೇಲೆ 15 ತುಂಬುವ ಸೀಸನ್ ಯಾವುದು ನೋಡಿ, ಅಲ್ಲಿಂದ ಎಣಿಸಿ.

ಫ್ಯಾಬ್ರೆಗಾಸ್ ಹುಟ್ಟಿದ್ದು 1987ರ ಮೇ. 15 ತುಂಬಿದ್ದು 2001-02 ಸೀಸನ್‌ನಲ್ಲಿ. 2003ರಲ್ಲಿ ಹೊರಟ. ಸಿಕ್ಕಿದ್ದು 2001-02, 2002-03, ಎರಡೇ ಸೀಸನ್. ಫೇಲ್.

ಪಿಕೆ ಹುಟ್ಟಿದ್ದು 1987ರ ಫೆಬ್ರವರಿ. ಅದೇ ಸೀಸನ್‌ನಿಂದ ಲೆಕ್ಕ, ಆದರೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೊರಟಿದ್ದು 2004ರಲ್ಲಿ. ಮೂರು ಸೀಸನ್, ಪಾಸ್. ಒಂದೇ ವಯಸ್ಸಿನ ಇಬ್ಬರು, ಇಂಗ್ಲೆಂಡಿಗೆ ಹೋಗಿ ಬಂದ ಇಬ್ಬರು, ಒಂದೇ ವರ್ಷದ ಅಂತರದಲ್ಲಿ ಉತ್ತರ ಬದಲಾಯಿತು.

ಆಲ್ಬಾ 1989ರ ಮಾರ್ಚ್. 2003-04, 2004-05, ಎರಡು ಸೀಸನ್. ಬಾರ್ಸಿಲೋನಾ ಲೆಕ್ಕದಲ್ಲಿ ಫೇಲ್, ಸ್ಪೇನ್‌ನ ಲೆಕ್ಕದಲ್ಲಿ ಪಾಸ್.

ಪುಯೋಲ್ (1995ರಲ್ಲಿ ಬಂದ), ಪೆಡ್ರೊ (2004) ಇಬ್ಬರಿಗೂ 21ರೊಳಗೆ ಮೂರಕ್ಕಿಂತ ಹೆಚ್ಚು ಸೀಸನ್ ಸಿಕ್ಕಿದೆ, ಆರಾಮಾಗಿ ಪಾಸ್. ಅಲ್ಲಿಗೆ ನಿಮ್ಮ ಹನ್ನೊಂದರಲ್ಲಿ ನಿಯಮದ ಪ್ರಕಾರ ಉಳಿಯುವುದು ಒಂಬತ್ತು.

ಇನ್ನು ರೊನಾಲ್ಡೊ. 1985ರ ಫೆಬ್ರವರಿ 5. ಸ್ಪೋರ್ಟಿಂಗ್‌ನಲ್ಲಿ 1999-2000ದಿಂದ 2002-03ರವರೆಗೆ ನಾಲ್ಕು ಸೀಸನ್. ಯುನೈಟೆಡ್‌ಗೆ ಸಹಿ ಹಾಕಿದ್ದು 2003ರ ಆಗಸ್ಟ್ 12, ಲೀಗ್ ಶುರುವಾಗುವ ಮೊದಲೇ. 21 ತುಂಬಿದ್ದು 2005-06ರಲ್ಲಿ. ಅಲ್ಲೂ ಮೂರು ಪೂರ್ತಿ ಸೀಸನ್ ಆಯಿತು.

ಎಲ್ಲರೂ ಎಡವುವ ಜಾಗ ಲೋನ್, ಅಂದರೆ ಆಟಗಾರನನ್ನು ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್‌ಗೆ ಎರವಲು ಕೊಡುವುದು. ಲೋನ್ ಮೇಲೆ ಹೋದವನ ನೋಂದಣಿಯೂ ಅವನ ಜೊತೆಗೇ ಹೋಗುತ್ತದೆ, ಆ ಸೀಸನ್ ಮೂಲ ಕ್ಲಬ್‌ನ ಖಾತೆಗೆ ಬರುವುದಿಲ್ಲ. ಎರಡನೆಯ ತಪ್ಪು, ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ 'ಹೋಂಗ್ರೋನ್' ನಿಯಮವನ್ನು ಇದರ ಜೊತೆ ಕಲಸುವುದು. ಅಲ್ಲಿ ಕ್ಲಬ್ ಮುಖ್ಯವಲ್ಲ, 21ರೊಳಗೆ ಮೂರು ಸೀಸನ್ ಇಂಗ್ಲೆಂಡ್ ಅಥವಾ ವೇಲ್ಸ್ ಸಂಸ್ಥೆಯ ಯಾವುದೇ ಕ್ಲಬ್‌ನಲ್ಲಿ ಕಳೆದಿದ್ದರೆ ಆಯಿತು. ಹಾಗಾಗಿ 2014ರಲ್ಲಿ ಚೆಲ್ಸಿಗೆ ಬಂದ ಫ್ಯಾಬ್ರೆಗಾಸ್ ಇಂಗ್ಲೆಂಡಿನಲ್ಲಿ ಮನೆಮಗ, ಬಾರ್ಸಿಲೋನಾಗೆ ಪರಕೀಯ.

ಮೂರನೇ_ಮನುಷ್ಯ

ಗುಮಾಸ್ತರ ಲೆಕ್ಕ ಸರಿ ಇದೆ, ಆದರೆ ಅದು ತಂಡದ ಪಟ್ಟಿ ತುಂಬಿಸುವುದಕ್ಕೆ ಮಾಡಿದ ನಿಯಮ. ಆಟ ಎಲ್ಲಿ ಕಲಿತ ಅನ್ನೋ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಫ್ಯಾಬ್ರೆಗಾಸ್ 10ನೇ ವಯಸ್ಸಿಗೆ, 1997ರಲ್ಲಿ ಬಂದು ಆರು ವರ್ಷ ಇದ್ದ. ಅವನನ್ನು ಹೊರಗಿಟ್ಟು 17ಕ್ಕೆ ಬಂದ ಪುಯೋಲ್‌ನನ್ನು ಒಳಗಿಡುವ ಪಟ್ಟಿ ನೋಡಿದರೆ ಯಾವ ಕೋಚ್ ಆದರೂ ನಗುತ್ತಾನೆ.

10ರಿಂದ 15 ವಯಸ್ಸಿನೊಳಗೆ ಅಲ್ಲಿ ಮೈಗೂಡಿಸುವುದು ಏನು ಅಂತ ನೋಡಬೇಕಾದರೆ ರೊಂಡೊ ಅನ್ನೋ ಅಭ್ಯಾಸದ ಆಟ ಒಂದನ್ನೇ ಹತ್ತಿರದಿಂದ ನೋಡಿ. ಹೊರಗೆ ನಾಲ್ವರು, ಒಳಗೆ ಇಬ್ಬರು, 8ರಿಂದ 10 ಮೀಟರ್‌ನ ಚೌಕ, ಒಂದು ಇಲ್ಲವೇ ಎರಡೇ ಟಚ್. ಚೆಂಡು ಕಳೆದವನು ಒಳಗೆ. ನೋಡುವವರಿಗೆ ಪಾಸ್ ಆಟ, ಕಲಿಯುವುದು ಬೇರೆ: ಚೆಂಡು ಬರುವ ಮೊದಲೇ ತಿರುಗಿ ನೋಡುವುದು, ಅರ್ಧ ಮಗ್ಗುಲಾಗಿ ನಿಲ್ಲುವುದು, ಚೆಂಡು ಬರುವ ಕಡೆಯ ಕಾಲು ಬಿಟ್ಟು ಆಚೆ ಕಾಲಿನಲ್ಲಿ ಹಿಡಿಯುವುದು. ಆಚೆ ಕಾಲಿಗೆ ತೆಗೆದುಕೊಂಡರೆ ಮೈ ತಾನಾಗೇ ತೆರೆದುಕೊಳ್ಳುತ್ತದೆ, ಎರಡೂ ಕಡೆ ಪಾಸ್ ಸಿಗುತ್ತದೆ. ಈಚೆ ಕಾಲಿಗೆ ತೆಗೆದುಕೊಂಡವನಿಗೆ ಚೆಂಡು ಬಂದ ದಾರಿಯಲ್ಲೇ ವಾಪಸ್ ಕೊಡೋದೊಂದೇ ಗತಿ. ಬುಸ್ಕೆಟ್ಸ್ ಓಡದೆಯೂ ಯಾಕೆ ಸಿಕ್ಕಿಬೀಳುತ್ತಿರಲಿಲ್ಲ ಅನ್ನೋದಕ್ಕೆ ಅರ್ಧ ಕಾರಣ ಇಷ್ಟೇ.

ಇದನ್ನೇ ನಕಲು ಮಾಡಿದ ಎಷ್ಟೋ ಕಡೆ ಫಲ ಬರದಿರುವುದಕ್ಕೆ ಕಾರಣವೂ ಅಲ್ಲೇ ಇದೆ. ಚೌಕ ದೊಡ್ಡದಾದರೆ ತಿರುಗಿ ನೋಡುವ ಅಗತ್ಯವೇ ಬೀಳದು. ತೀರಾ ಚಿಕ್ಕದಾದರೆ ಹುಡುಗರು ಹೆದರಿ ಸುಮ್ಮನೆ ಒದೆಯುತ್ತಾರೆ. ಒಳಗಿನ ಇಬ್ಬರು ಬೇಕಾಬಿಟ್ಟಿ ನಡೆದಾಡಿದರೆ ಅದು ಬರೀ ಮೈ ಬಿಸಿ ಮಾಡಿಕೊಳ್ಳುವ ಕಸರತ್ತು. ಎಲ್ಲಕ್ಕಿಂತ ಮುಖ್ಯ, ಹಿರಿಯರ ತಂಡ ಬೇರೆಯೇ ಆಟ ಆಡುತ್ತಿದ್ದರೆ ಕೆಳಗೆ ಕಲಿತದ್ದು ಮೇಲೆ ಉಪಯೋಗಕ್ಕೆ ಬರುವುದಿಲ್ಲ. 1988ರಲ್ಲಿ ಕ್ರೈಫ್ ಬಾರ್ಸಿಲೋನಾಗೆ ಕೋಚ್ ಆಗಿ ಬಂದ ಮೇಲೆ ಆಟದ ಒಂದೇ ಮಾದರಿ ಮೇಲಿನಿಂದ ಕೆಳಗಿನವರೆಗೆ ಇಳಿಯಿತು. ನಡುವೆ ನಿಂತು ಆಟ ನಡೆಸುವ '4' ಅನ್ನುವ ಜಾಗಕ್ಕೆ ಗ್ವಾರ್ಡಿಯೋಲಾ, ಆಮೇಲೆ ಷಾವಿ, ಆಮೇಲೆ ಬುಸ್ಕೆಟ್ಸ್ ಅಂತ ಸಾಲಾಗಿ ಬಂದದ್ದು ಅದೃಷ್ಟದಿಂದ ಅಲ್ಲ. 2010ರ ಬ್ಯಾಲನ್ ಡಿ'ಓರ್‌ಗೆ (ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ) ಕೊನೆಯಲ್ಲಿ ಉಳಿದ ಮೂವರೂ, ಮೆಸ್ಸಿ, ಇನಿಯೆಸ್ಟಾ, ಷಾವಿ, ಅದೇ ಅಕಾಡೆಮಿಯವರು.

ಪಟ್ಟಿಗೆ ನನ್ನ ಸಲಹೆ: ಹೌದು-ಅಲ್ಲ ಅನ್ನುವ ಕಾಲಂ ತೆಗೆದುಹಾಕಿ, ಬಂದ ವಯಸ್ಸು ಮತ್ತು ಬಿಟ್ಟ ವಯಸ್ಸು ಅಂತ ಎರಡು ಕಾಲಂ ಇಡಿ. ಇನಿಯೆಸ್ಟಾ 12, ಮೆಸ್ಸಿ 13, ಪೆಡ್ರೊ 17. ಓದುವವರೇ ತೀರ್ಮಾನಿಸಲಿ. ಮೆಸ್ಸಿ ವಿಷಯದಲ್ಲಂತೂ ಅವನು ಮೊದಲು ಆಡುತ್ತಿದ್ದ ಅರ್ಜೆಂಟೀನಾದ ಕ್ಲಬ್ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಹೆಸರು ಬಿಟ್ಟರೆ ಅನ್ಯಾಯ.

ಶೇಕಡಾ_ಐದು

ಇಬ್ಬರೂ ಬಿಟ್ಟ ಮೂರನೇ ಲೆಕ್ಕ ಒಂದಿದೆ, ದುಡ್ಡಿನದು. ಫಿಫಾ ಇದನ್ನು 12ನೇ ವಯಸ್ಸಿನಿಂದಲೇ ಎಣಿಸುತ್ತದೆ, ಹಾಗಾಗಿ ಬೆಳೆಸಿದವರು ಯಾರು ಅನ್ನೋದಕ್ಕೆ ನನ್ನ ಪ್ರಕಾರ ಇದೇ ಹೆಚ್ಚು ನ್ಯಾಯವಾದ ಅಳತೆ.

ಒಪ್ಪಂದ ಮುಗಿಯುವ ಮೊದಲೇ ಆಟಗಾರ ಬೇರೆ ದೇಶದ ಕ್ಲಬ್‌ಗೆ ಮಾರಾಟವಾದರೆ ಮೊತ್ತದ ಶೇ. 5 ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆ. 12ರಿಂದ 15ನೇ ಹುಟ್ಟುಹಬ್ಬದ ನಾಲ್ಕು ಸೀಸನ್‌ಗೆ ತಲಾ ಶೇ. 0.25, 16ರಿಂದ 23ರ ಎಂಟು ಸೀಸನ್‌ಗೆ ತಲಾ ಶೇ. 0.5. ಒಂದು ಪ್ಲಸ್ ನಾಲ್ಕು, ಐದು.

ಪೋಗ್ಬಾ ತಗೊಳ್ಳಿ. 1993ರ ಮಾರ್ಚ್‌ನಲ್ಲಿ ಹುಟ್ಟಿದವನು. ಲೆ ಹಾವ್ರ್‌ನಲ್ಲಿ 2007-08, 2008-09, ಎರಡು ಸೀಸನ್. ಮೊದಲನೆಯದು 15ರ ಸೀಸನ್, ಎರಡನೆಯದು 16ರದ್ದು, ಒಟ್ಟು ಶೇ. 0.75. 2016ರಲ್ಲಿ ಯುವೆಂಟಸ್‌ನಿಂದ ಯುನೈಟೆಡ್‌ಗೆ ಹೋದಾಗಿನ 10.5 ಕೋಟಿ ಯೂರೋಗೆ ಹಾಕಿದರೆ 7,87,500 ಯೂರೋ. ಎರಡೇ ವರ್ಷಕ್ಕೆ! ತಮಾಷೆ ಅಂದರೆ ಅವನು ಯುನೈಟೆಡ್‌ನಲ್ಲೇ ಇದ್ದ 2009-12ರ ಸೀಸನ್‌ಗಳ ಪಾಲು ಕೊಳ್ಳುತ್ತಿದ್ದ ಯುನೈಟೆಡ್‌ಗೇ ಸೇರಬೇಕಾದದ್ದು, ಬಲಗೈಯಿಂದ ಎಡಗೈಗೆ.

ದಾಖಲೆ ಬೇಕಾದ ಕ್ಲಬ್‌ಗಳು ನೋಡುವುದು 'ಪ್ಲೇಯರ್ ಪಾಸ್‌ಪೋರ್ಟ್'. 12 ತುಂಬಿದ ಸೀಸನ್‌ನಿಂದ ಯಾವ ಕ್ಲಬ್‌ನಲ್ಲಿ ನೋಂದಣಿ ಇತ್ತು ಅನ್ನೋದು ಅದರಲ್ಲಿ ಇರುತ್ತದೆ. ಸಣ್ಣ ಕ್ಲಬ್‌ಗಳಿಗೆ ದುಡ್ಡು ತಪ್ಪಿಹೋಗುವುದು ಇಲ್ಲೇ: ಹುಡುಗ ಆಡಿದ್ದು ನಿಜ, ಆದರೆ ನೋಂದಣಿ ಮಾಡಿಸಿಲ್ಲ.

ಇನ್ನೊಂದು ಮಾತು. ಫ್ಯಾಬ್ರೆಗಾಸ್, ಪೋಗ್ಬಾ ಥರ 16ಕ್ಕೆ ಇಂಗ್ಲೆಂಡಿಗೆ ಹಾರುವುದು 2021ರ ಜನವರಿಯಿಂದ ಬಂದ್. 18ರೊಳಗಿನವರ ಅಂತರರಾಷ್ಟ್ರೀಯ ವರ್ಗಾವಣೆಗೆ ಫಿಫಾ ನಿಷೇಧ ಇದೆ, 16-18ರವರಿಗೆ ಯುರೋಪ್ ಒಕ್ಕೂಟದೊಳಗೆ ಇದ್ದ ವಿನಾಯಿತಿ ಬ್ರಿಟನ್ ಹೊರಬಂದ ಮೇಲೆ ಅದಕ್ಕೆ ಸಿಗುವುದಿಲ್ಲ. ಅದೇ ನಿಷೇಧ ಮುರಿದದ್ದಕ್ಕೆ ಬಾರ್ಸಿಲೋನಾ 2015ರ ಎರಡೂ ಟ್ರಾನ್ಸ್‌ಫರ್ ಅವಧಿ ಕಳೆದುಕೊಂಡಿತು.

ಕಾರ್ನರ್_ಬಾವುಟ

ಎರಡು ಕಾಲಂ ಐಡಿಯಾ ಹಿಡಿಸ್ತು, ಹಾಗೇ ಮಾಡ್ತೀನಿ. ಯುನೈಟೆಡ್ ಪುಟಕ್ಕೆ '1992ರ ಬ್ಯಾಚ್' ಅಂತ ಗಿಗ್ಸ್, ಬೆಕಮ್, ಸ್ಕೋಲ್ಸ್, ಬಟ್, ನೆವಿಲ್ ಸೋದರರು ಅಂತ ಹಾಕಿ, '1992ರ ಎಫ್‌ಎ ಯೂತ್ ಕಪ್ (ಇಂಗ್ಲೆಂಡಿನ ಯುವ ತಂಡಗಳ ಟೂರ್ನಿ) ಗೆದ್ದವರು' ಅಂತ ಬರೆದಿದ್ದೀನಿ. ಸರಿನಾ?

ನೋಂದಣಿ_ಗುಮಾಸ್ತ

ಸರಿಯಿಲ್ಲ. ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಎರಡು ಪಂದ್ಯ ಸೇರಿ 6–3ರಿಂದ ಗೆದ್ದ ಆ ಫೈನಲ್‌ನಲ್ಲಿ ಸ್ಕೋಲ್ಸ್, ಫಿಲ್ ನೆವಿಲ್ ಆಡಿಲ್ಲ. ಅವರಿಬ್ಬರೂ ಆಡಿದ್ದು 1993ರ ಫೈನಲ್, ಅದನ್ನು ಲೀಡ್ಸ್ ಗೆದ್ದಿತು. ಬ್ಯಾಚ್ ಹೆಸರು ಇರಲಿ, 'ಗೆದ್ದವರು' ಸಾಲಿನಿಂದ ಇಬ್ಬರನ್ನೂ ತೆಗೆಯಿರಿ.

ಗಿಗ್ಸ್ ಮುಂದೆ ಬಂದ ವಯಸ್ಸು 14 ಅಂತ ಹಾಕಿ, ಅದಕ್ಕೂ ಮೊದಲು ಮ್ಯಾಂಚೆಸ್ಟರ್ ಸಿಟಿಯಲ್ಲಿ ತರಬೇತಿಯಲ್ಲಿದ್ದ. ಅದೇ ಪುಟದಲ್ಲಿ ಜಾಗ ಇದ್ದರೆ ಇನ್ನೊಂದು ಸಾಲು: 1937ರ ಅಕ್ಟೋಬರ್‌ನಿಂದ ಯುನೈಟೆಡ್‌ನ ಪ್ರತಿ ಪಂದ್ಯದ ತಂಡದಲ್ಲೂ ಸ್ವಂತ ಅಕಾಡೆಮಿಯ ಒಬ್ಬನಾದರೂ ಇದ್ದಾನೆ. 'ತಂಡ' ಅಂದರೆ ಬೆಂಚ್ ಸೇರಿಸಿ. ಆಡಿದ ಹನ್ನೊಂದು ಅಂತ ಬರೆದುಬಿಟ್ಟರೆ ಅದೂ ತಪ್ಪಾಗುತ್ತದೆ.