ಅಪ್ಪನ ಗಾಡಿ: ಡೀಸೆಲ್ಲೋ, ಪೆಟ್ರೋಲ್ಲೋ?

ಗುಂಪು: ಮನಿ ಮಂದಿ
ಶುಕ್ರವಾರ ರಾತ್ರಿ

ಸಣ್ಣ ಕಾಕಾ: (ಆರು ಫೋಟೋ)

ಸಣ್ಣ ಕಾಕಾ: ಅಣ್ಣಾ, ನಿನಗ ತಗೋಳಾಕ ಸೆಕೆಂಡ್ ಹ್ಯಾಂಡ್ ಗಾಡಿ, ಇದನ್ನ ನೋಡು. ಡಿಸೈರ್ ಡೀಸೆಲ್, 2017 ಮಾಡಲ್, ಸಿಂಗಲ್ ಓನರ್, 88 ಸಾವಿರ ಓಡೈತಿ, ಜಮಖಂಡ್ಯಾಗ ನಿಂತೈತಿ, ಏಜೆಂಟ ನಾಕು ಲಕ್ಷ ಎಂಬತ್ತು ಅಂತಾನ, ಎದುರಿಗೆ ಕುಂತ ಮಾತಾಡಿದ್ರ ಇನ್ನೂ ಇಳಿತಾನ. ಕಂಪನಿ ಲೆಕ್ಕದಾಗ 28 ಮೈಲೇಜ್, ನಮ್ಮ ಕಡೆ ರೋಡಿಗೆ ಏನಿಲ್ಲಂದ್ರೂ 21 ಕೊಡ್ತೈತಿ. ಇಂಥಾದ್ದು ಮತ್ತ ಸಿಗಂಗಿಲ್ಲ

ಅತ್ತಿ ಬೆಳಗಾವಿ: ಬಿಳಿ ಬಣ್ಣ ಚೊಲೊ ಆತು ತಮ್ಮಾ, ಬಾಗಲಕೋಟಿ ಬಿಸಲಿಗೆ ಅದ ಬೇಕು

ಅಕ್ಕ ಹುಬ್ಬಳ್ಳಿ: ಕಾಕಾ, ನಂಬರ್ ಪ್ಲೇಟ್ ಮ್ಯಾಲ ಬಟ್ಟಿ ಯಾಕ ಹಾಕ್ಯಾರ್ರಿ

ಸಣ್ಣ ಕಾಕಾ: ಎಂಎಚ್-10, ಮಹಾರಾಷ್ಟ್ರದ ಸಾಂಗ್ಲಿ ಪಾಸಿಂಗ್ ಐತಿ. ಅಲ್ಲಿಂದ ಗಾಡಿ ಹೊರಗ ತರಾಕ ಬೇಕಾದ ಎನ್‌ಓಸಿ ಎಲ್ಲಾ ಏಜೆಂಟ ಮಾಡಿಕೊಡ್ತಾನ, ಅದೇನ್ ದೊಡ್ಡ ಮಾತಲ್ಲ

ಅಕ್ಕ ಹುಬ್ಬಳ್ಳಿ: ದೊಡ್ಡ ಮಾತೇ ಐತ್ರಿ. ಎನ್‌ಓಸಿ ತಂದ ಮ್ಯಾಲ ಇಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸ್ ಹೊಸದಾಗಿ ಕಟ್ಟಬೇಕು, ಗಾಡಿ ವಯಸ್ಸು ನೋಡಿ ಕಡಿಮಿ ಮಾಡ್ತಾರ ಖರೆ ಆದ್ರ ಬಿಡಂಗಿಲ್ಲ. ಅಲ್ಲಿ ಕಟ್ಟಿದ್ದು ರೀಫಂಡ್ ಬೇಕಂದ್ರ ಅಲ್ಲಿ ಆರ್‌ಟಿಓಗೆ ಯಾರು ಅಡ್ಡಾಡೋರು? ಅಪ್ಪಾನ? ನಾಕು ಎಂಬತ್ತು ಅನ್ನೂದು ನಾಕು ಎಂಬತ್ತಲ್ಲ ಅಂತ ಮೊದಲ ಬರಕೋರಿ

ಅಣ್ಣ ಬೆಂಗಳೂರು: ಈಗ ಡೀಸೆಲ್ ಯಾಕ ಬೇಕು ಅಂತೀನಿ. ಮಾರುತಿಯವರ 2020 ಏಪ್ರಿಲ್‌ದಾಗ ಡೀಸೆಲ್ ಬಂದ್ ಮಾಡಿ ಕುಂತಾರ. ಸೆಕೆಂಡ್ ಹ್ಯಾಂಡ್ ಇವಿ ನೋಡ್ರಿ, ಬ್ಯಾಟರಿಗೆ ಎಂಟು ವರ್ಷ ವಾರಂಟಿ ಇರ್ತೈತಿ

ಅಪ್ಪಾ: ಗಾಡಿ ನಿಲ್ಲೂದು ಬೀದ್ಯಾಗ ಬೇವಿನ ಗಿಡದ ಕೆಳಗ. ವೈರ್ ಎಲ್ಲಿಂದ ಎಳೀಲಿ

ಅಣ್ಣ ಬೆಂಗಳೂರು: 😐

ಸಣ್ಣ ಕಾಕಾ: ಕಂಪನಿ ಬಂದ್ ಮಾಡಿದ್ದು ಹೊಸಾ ರೂಲ್ ಬಂತಂತ, ಎಂಜಿನ್ ಕೆಟ್ಟದ್ದಂತಲ್ಲೋ. ಅದು ಫಿಯಟ್ ಎಂಜಿನ್ 1248 ಸಿಸಿ, ಸ್ವಿಫ್ಟಿಗೂ ಅದ, ರಿಟ್ಜಿಗೂ ಅದ, ಟಾಟಾ ವಿಸ್ಟಾಕೂ ಅದ ಹಾಕಿದ್ರು, ಟೈಮಿಂಗ್ ಬೆಲ್ಟ್ ಇಲ್ಲ ಚೈನ್ ಐತಿ, ಮುಧೋಳದಾಗ ಯಾವ ಗ್ಯಾರೇಜಿಗೆ ಹೋದ್ರೂ ಕಣ್ಣು ಮುಚ್ಚಿ ಬಿಚ್ಚಿ ಕೂಡಸ್ತಾರ. ನಾ ಇಪ್ಪತ್ತು ವರ್ಷದಿಂದ ಡೀಸೆಲ್ ಓಡಸ್ತೀನಿ, ನನಗ ಬೆಂಗಳೂರಾಗ ಕುಂತ ಹೇಳಬ್ಯಾಡ

ಅತ್ತಿ ಬೆಳಗಾವಿ: ಸಿಎನ್‌ಜಿ ತಗೋ ಅಣ್ಣಾ. ನಮ್ಮದು ವ್ಯಾಗನಾರ್ ಸಿಎನ್‌ಜಿ, ಕಿಲೋಕ್ಕ 25–26 ಕೊಡ್ತೈತಿ, ನಮ್ಮನಿಯವರ ಖುಷ್ ಅದಾರ

ನಾನು: ಅತ್ತಿ, ಡಿಕ್ಕಿ?

ಅತ್ತಿ ಬೆಳಗಾವಿ: ಡಿಕ್ಕಿ ಅಂಬೂದು ಇಲ್ಲಪಾ, ಸಿಲಿಂಡರ್ ಕುಂತೈತಿ ಅಲ್ಲೇ. ಒಂದ ಬ್ಯಾಗ್ ಇಟ್ಟರ ಮುಗೀತು

ನಾನು: ಹಂಗಾರ ಊರಿಂದ ಜ್ವಾಳದ ಚೀಲ ಆಯಿ ತೊಡಿ ಮ್ಯಾಲ ಇಟಗೊಂಡ ಬರಬೇಕೇನು

ಅತ್ತಿ ಬೆಳಗಾವಿ: ಮತ್ತ ಲೈನೂ ಇರ್ತೈತಿ ಪಂಪಿನ್ಯಾಗ ಸುಳ್ಳ್ಯಾಕ ಹೇಳ್ಲಿ, ಸಂಜಿ ಮುಂದ ಹೋದ್ರ ನಲವತ್ತ ನಿಮಿಷ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟಿಂಗ್ ಬ್ಯಾರೆ. ಹೊರಗ ಕಿಟ್ ಕೂಡಿಸಿದ ಗಾಡಿ ಮಾತ್ರ ಮುಟ್ಟಬ್ಯಾಡ್ರಿ, ಆರ್‌ಸಿದಾಗ ಬರಸಿರಂಗಿಲ್ಲ, ಆಮ್ಯಾಲ ಇನ್ಶೂರೆನ್ಸಿನವರು ಕೈ ಎತ್ತತಾರ

ಸಣ್ಣ ಕಾಕಾ: ಅದಕ್ಕ ಹೇಳಿದ್ದು ಡೀಸೆಲ್

ಅಕ್ಕ ಹುಬ್ಬಳ್ಳಿ: ಕಾಕಾ ಒಂದ ಮಾತು. ಎಲ್ಲಾರೂ ಮೈಲೇಜ್ ಮೈಲೇಜ್ ಅನ್ನಾಕ ಹತ್ತೀರಿ, ಅಪ್ಪಾ ವರ್ಷಕ್ಕ ಎಷ್ಟು ಕಿಲೋಮೀಟರ್ ಓಡಸ್ತಾನ ಅಂತ ಯಾರರ ಕೇಳೀರೇನು

ಸಣ್ಣ ಕಾಕಾ: ಹದಿನೈದು ಸಾವಿರ ಆರಾಮ ಆಗ್ತೈತಿ. ಹುಬ್ಬಳ್ಳಿ, ಮುಧೋಳ, ಬನಶಂಕರಿ, ಕೂಡಲಸಂಗಮ, ಲಗ್ನದ ಸೀಜನ್

ಅಪ್ಪಾ: ಹತ್ತು ಸಾವಿರ ಇರಬೇಕು

ನಾನು: ತಡೀರಿ, ಡೈರಿ ತಗೀತೀನಿ

(ಅವ್ವ ಒಂದು ಮೆಸೇಜ್ ಡಿಲೀಟ್ ಮಾಡ್ಯಾಳ)

ನಾನು: (ಫೋಟೋ) ಹಳೇ ಗಾಡಿ ಡ್ಯಾಶ್‌ಬೋರ್ಡಿನ್ಯಾಗ ಇಡ್ತಿದ್ದಲ್ಲ ಅಪ್ಪಾ, ಇನ್ಶೂರೆನ್ಸ್ ಏಜೆಂಟ ಕೊಟ್ಟ ಡೈರಿ. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ತಾರೀಖು, ಕಿಲೋಮೀಟರ್, ಲೀಟರ್, ರೊಕ್ಕ, ನಾಕೂ ನೀಲಿ ಪೆನ್ನಿನ್ಯಾಗ. ಹವಾ ಹಾಕಿಸಿದ್ದೂ ಬರದಾನ. ಒಂದ ಕಡೆ “ಬನಶಂಕರಿ ಜಾತ್ರಿ, ಪಾರ್ಕಿಂಗ್ 50, ಬಾಳೆಹಣ್ಣು 40” ಅಂತನೂ ಐತಿ 😄 ಹೋದ ಯುಗಾದಿಗೆ 61,212. ಈ ಯುಗಾದಿಗೆ 67,052.

ಅಕ್ಕ ಹುಬ್ಬಳ್ಳಿ: ಅಂದ್ರ 5,840. ಹದಿನೈದೂ ಅಲ್ಲ ಹತ್ತೂ ಅಲ್ಲ

ಅಪ್ಪಾ: ಇಷ್ಟ ಆಗೈತೇನು

ನಾನು: ಅದ್ರಾಗ ಹುಬ್ಬಳ್ಳಿಗೆ ಏಳು ಸಲ ಹೋಗಿ ಬಂದಿದ್ದ ಹತ್ತಿರತ್ತಿರ 1,700. ಉಳದದ್ದು ನವನಗರದಾಗ ದವಾಖಾನಿ, ಸಂತಿ, ಬ್ಯಾಂಕು, ವಿದ್ಯಾಗಿರಿ, ನಡುವ ಒಂದೆರಡ ಸಲ ಊರು. ಗಾಡಿ ಓಡಿದ್ದಕ್ಕಿಂತ ಬೇವಿನ ಗಿಡದ ಕೆಳಗ ನಿಂತಿದ್ದ ಹೆಚ್ಚು

ಅಕ್ಕ ಹುಬ್ಬಳ್ಳಿ: ಹಂಗಾರ ಕೇಳ್ರಿ. ಲೆಕ್ಕಕ್ಕ ಪೆಟ್ರೋಲ್ 103, ಡೀಸೆಲ್ 91 ಹಿಡೀರಿ. ಪೆಟ್ರೋಲ್ ಗಾಡಿ 17 ಕೊಟ್ಟರ ವರ್ಷಕ್ಕ ಸುಮಾರು 35,400 ಆಗ್ತೈತಿ. ಕಾಕಾನ ಡೀಸೆಲ್ 21 ಕೊಟ್ಟರ 25,300. ಉಳಿತಾಯ ಹತ್ತು ಸಾವಿರ ಮ್ಯಾಲ ಚೂರು, ಅಷ್ಟ. ನಾ ಇಲ್ಲಿ ನೋಡಿಟ್ಟಿದ್ದು 2019ರ ವ್ಯಾಗನಾರ್ ಒಂದು ಲೀಟರ್ ಪೆಟ್ರೋಲ್, ಕೆಎ ಪಾಸಿಂಗ್, ಮೂರು ಎಪ್ಪತ್ತು ಹೇಳ್ಯಾರ. ಎರಡಕ್ಕೂ ನಡುವ ಒಂದು ಲಕ್ಷ ಹತ್ತು ಸಾವಿರ ಫರಕ್. ಥರ್ಡ್ ಪಾರ್ಟಿ ಇನ್ಶೂರೆನ್ಸೂ ಸಾವಿರ ಸಿಸಿ ಒಳಗ ಇದ್ರ 2,094, ಡಿಸೈರಿಗೆ 3,416, ಟ್ಯಾಕ್ಸ್ ಬಿಟ್ಟು. ಅದನ್ನೂ ಕಳದ್ರ ಡೀಸೆಲ್ಲಿನ ಉಳಿತಾಯ ವರ್ಷಕ್ಕ ಎಂಟೂಮುಕ್ಕಾಲು ಸಾವಿರಕ್ಕ ಬರ್ತೈತಿ. ಒಂದು ಹತ್ತು ವಾಪಸ್ ಬರಾಕ ಹನ್ನೆರಡೂವರಿ ವರ್ಷ ಬೇಕು, 2017ರ ಗಾಡಿ ಆರ್‌ಸಿ 2032ಕ್ಕ ಮುಗಿತೈತಿ

ಅಣ್ಣ ಬೆಂಗಳೂರು: ಅಂದ್ರ ರೊಕ್ಕ ಹೊಳ್ಳಿ ಬರೂದ್ರಾಗ ಗಾಡಿನೇ ಇರಂಗಿಲ್ಲ 😂

ಸಣ್ಣ ಕಾಕಾ: ಆರ್‌ಸಿ ಮುಗದ್ರ ಫಿಟ್ನೆಸ್ ಮಾಡಿಸಿ ಐದು ವರ್ಷ ರಿನ್ಯೂ ಮಾಡ್ತಾರ. ಮತ್ತ ನಿನ್ನ 17 ಎಲ್ಲಿಂದ ಬಂತು? ಈಗ ನೂರಕ್ಕ ಇಪ್ಪತ್ತು ಪಾಲು ಎಥನಾಲ್ ಬೆರಸಿದ ಇ20 ಪೆಟ್ರೋಲ್ ಬಂದೈತಿ, ಹಳೇ ಪೆಟ್ರೋಲ್ ಗಾಡಿ ಎಲ್ಲಾ ಮೈಲೇಜ್ ಬಿದ್ದಾವ ಅಂತ ಊರೆಲ್ಲಾ ಹೊಯ್ಕೊಳ್ಳಾಕ ಹತ್ತೈತಿ

ಅಕ್ಕ ಹುಬ್ಬಳ್ಳಿ: ಬಿದ್ದಾವ ಅದಕ್ಕ 17 ಹಿಡದೀನ್ರಿ, ಇಲ್ಲಂದ್ರ 18–19 ಹಿಡೀತಿದ್ದೆ. ಪೆಟ್ರೋಲಿನ ಮುಂದ ಎಥನಾಲ್‌ದಾಗ ಶಕ್ತಿ ಮೂರರಾಗ ಒಂದು ಪಾಲು ಕಡಿಮಿ, ಬೀಳೂದ ಐತಿ. ಆ ಎಥನಾಲ್ ಮಾಡೂ ಕಬ್ಬು ಹಚ್ಚಿ ಫ್ಯಾಕ್ಟರಿಗೆ ಕಳಸಾವ್ರು ನೀವ, ಬೈಯಾವ್ರೂ ನೀವ

ಅತ್ತಿ ಬೆಳಗಾವಿ: 😂😂 ಬಿಲ್ಲು ಬಂತೇನೋ ತಮ್ಮಾ ಕಬ್ಬಿಂದು

ಸಣ್ಣ ಕಾಕಾ: ಬಿಲ್ಲಿನ ಮಾತ ಇಲ್ಲಿ ಬ್ಯಾಡ

ಅಣ್ಣ ಬೆಂಗಳೂರು: ಇನ್ನೊಂದು, ಡೀಸೆಲ್ ಗಾಡಿ ನಿಲ್ಲಿಸಿದಷ್ಟು ಕೆಡ್ತೈತಿ. ಮನಿಯಿಂದ ಸಂತಿಗೆ ಎರಡು ಕಿಲೋಮೀಟರ್, ಎಂಜಿನ್ ಕಾಯೂದ್ರಾಗ ಬಂದ್ ಮಾಡ್ತಾನ ಅಪ್ಪಾ. ಹಂಗ ಓಡಿಸಿದ್ರ 21ನೂ ಬರಂಗಿಲ್ಲ. ಮತ್ತ ಒಂದ ಸಲ ಇಂಜೆಕ್ಟರ್ ಇಲ್ಲಾ ಟರ್ಬೋ ಕೈ ಕೊಟ್ಟರ ಎರಡ್ಮೂರು ವರ್ಷದ ಉಳಿತಾಯ ಒಂದ ಬಿಲ್ಲಿನ್ಯಾಗ ಹೋಗ್ತೈತಿ. ನನ್ನ ಹಿಂದಿನ ಗಾಡ್ಯಾಗ ಆಗಿತ್ತು, ನಾಕು ಇಂಜೆಕ್ಟರ್ ಬಿಚ್ಚಿ ಟೇಬಲ್ ಮ್ಯಾಲ ಸಾಲಾಗಿ ಇಟ್ಟು “ನೋಡ್ರಿ ಸಾರ್” ಅಂದಿದ್ದ ಗ್ಯಾರೇಜಿನವ, ನಾ ಏನ್ ನೋಡ್ಲಿ, ನನಗ ಎಲ್ಲಾ ಒಂದ ಥರಾ ಕಂಡ್ವು, ಬಿಲ್ ಮಾತ್ರ ಸರಿಯಾಗಿ ಕಾಣಸ್ತು

ಅವ್ವ: ಆಯಿ ಹೇಳ್ತಾಳ ಬರಿ ಅಂತ. ಹೋದ ತಿಂಗಳ ಅತ್ತಿ ಮೈದುನನ ಮಗನ ಕಾರ್‌ನ್ಯಾಗ ಕುಂತಿದ್ಲು ಅದೂ ಡಿಸೈರೇ. ಬಾವ್ಯಾಗ ಇಳದಂಗ ಆಗ್ತೈತಿ, ಏಳಾಕ ಇಬ್ಬರು ಬೇಕು ಅಂತಾಳ. ಮೊಳಕಾಲ ನೋವು ಐತಿ

ಅತ್ತಿ ಬೆಳಗಾವಿ: ಹೌದು ವ್ಯಾಗನಾರ್ ಎತ್ತರ ಐತಿ, ನಮ್ಮತ್ತಿ ಕುರ್ಚಿ ಮ್ಯಾಲ ಕುಂತಂಗ ಕುಂದ್ರತಾರ

ಸಣ್ಣ ಕಾಕಾ: ಹೈವೇದಾಗ ಅದು ಗಾಳಿಗೆ ಅಳ್ಳಾಡ್ತೈತಿ ಡಬ್ಬಿ ಅಳ್ಳಾಡಿದಂಗ. ಐದು ಮಂದಿ ಕುಂತು ಎಸಿ ಹಾಕ್ರಿ, ಗೊತ್ತಾಗ್ತೈತಿ ಎಂಜಿನ್ ಹೆಂಗ ಒದ್ದಾಡ್ತೈತಿ ಅಂತ. ಡೀಸೆಲ್ಲಿನ ಎಳತ ಬ್ಯಾರೆ

ಅಕ್ಕ ಹುಬ್ಬಳ್ಳಿ: ಅದು ಖರೆ ಕಾಕಾ, ಇಲ್ಲ ಅನ್ನಂಗಿಲ್ಲ. ಆದ್ರ ಐದು ಮಂದಿ ಕುಂತು ಹೈವೇಕ್ಕ ಹೋಗೂದು ವರ್ಷಕ್ಕ ಏಳು ಸಲ

ನಾನು: ಕಾಕಾ, ನಾಕನೇ ಫೋಟೋ ಝೂಮ್ ಮಾಡಿ ನೋಡ್ರಿ. ಬ್ರೇಕ್ ಪೆಡಲ್ ರಬ್ಬರ್ ಗೆರಿ ಎಲ್ಲಾ ಸವದು ನುಣ್ಣಗ ಆಗೈತಿ, ಬಲಗಡೆ ಮೂಲಿ ಹರದೈತಿ. ಸ್ಟೇರಿಂಗ್ ಗಡಿಯಾರದ ಹತ್ತರ ಎರಡರ ಜಾಗಾದಾಗ ಎಣ್ಣಿ ಹಚ್ಚಿದಂಗ ಹೊಳ್ಯಾಕ ಹತ್ತೈತಿ. ಇದು 88 ಸಾವಿರದ ಗಾಡಿ ಅನಸಂಗಿಲ್ಲ, ಮೀಟರ್ ಹಿಂದ ತಿರುವ್ಯಾರೇನೋ. ನಮ್ಮ ಹಳೇ ಗಾಡಿ ಹದಿನೈದು ವರ್ಷದ್ದು, ಪೆಡಲ್ ಇನ್ನೂ ಚೊಲೊ ಐತಿ

ಅಣ್ಣ ಬೆಂಗಳೂರು: ಟೈರ್ ಮ್ಯಾಲ ನಾಕು ನಂಬರ್ ಇರ್ತೈತಿ ನೋಡ್ರಿ, ಮೊದಲಿನ ಎರಡು ವಾರ, ಆಮ್ಯಾಲಿನ ಎರಡು ವರ್ಷ. 2319 ಅಂದ್ರ 2019ರ 23ನೇ ವಾರ. ಎಷ್ಟನೇ ಜೋಡಿ ಟೈರ್ ಅಂತ ಅಂದಾಜ ಸಿಗ್ತೈತಿ. ಅದಕ್ಕಿಂತ ಮೊದಲ ಶೋರೂಮಿನ ಸರ್ವಿಸ್ ರೆಕಾರ್ಡ್ ತಗಸ್ರಿ, ಪ್ರತಿ ಸರ್ವಿಸಿಗೆ ಮೀಟರ್ ಬರದಿರ್ತಾರ

ಅಕ್ಕ ಹುಬ್ಬಳ್ಳಿ: ಆರ್‌ಸಿದಾಗ ಸಾಲ ಐತೇನು ಅದೂ ನೋಡ್ರಿ, ಎಂಪರಿವಾಹನ್ ಆ್ಯಪ್‌ನ್ಯಾಗ ನಂಬರ್ ಹಾಕಿದ್ರ ಕಾಣಿಸ್ತೈತಿ. ಬ್ಯಾಂಕಿನ ಎನ್‌ಓಸಿ, ಸಾಲ ತೀರೈತಿ ಅನ್ನೂ ಫಾರಂ 35 ಇಲ್ಲದ ರೊಕ್ಕ ಕೊಡಬ್ಯಾಡ್ರಿ. ಮತ್ತ ಏಜೆಂಟ “ಎನ್‌ಸಿಬಿ ಐತಿ” ಅಂದ್ರ ನಗ್ರಿ, ಕ್ಲೇಮ್ ಮಾಡದಿದ್ದಕ್ಕ ಇನ್ಶೂರೆನ್ಸಿನವರು ಕೊಡೂ ರಿಯಾಯ್ತಿ ಅದು, ಎನ್‌ಸಿಬಿ ಮಾಲಕಂದು, ಗಾಡಿ ಜೋಡಿ ಬರಂಗಿಲ್ಲ

ಅಪ್ಪಾ: ಏನಂತಿ ತಮ್ಮಾ

(ಹದಿನಾಲ್ಕು ನಿಮಿಷ ಯಾರೂ ಬರದಿಲ್ಲ, ನಡುವ ಅತ್ತಿಯಿಂದ ಗುಲಾಬಿ ಹೂವಿನ ಶುಭರಾತ್ರಿ ಫಾರ್ವರ್ಡ್ ಒಂದು)

ಸಣ್ಣ ಕಾಕಾ: ನಾ ಐದು ಸಾವಿರ ಟೋಕನ್ ಕೊಟ್ಟೀನಿ

ಅಣ್ಣ ಬೆಂಗಳೂರು: ಏನು??

ಅಕ್ಕ ಹುಬ್ಬಳ್ಳಿ: ಯಾರನ್ನ ಕೇಳಿ ಕೊಟ್ರಿ ಕಾಕಾ

ಸಣ್ಣ ಕಾಕಾ: ಅಣ್ಣನ ಸಲುವಾಗಿ ಕೊಟ್ಟೆ. ಇನ್ನೊಬ್ಬ ಗಿರಾಕಿ ನಿಂತಿದ್ದ, ಹೋಗಿಬಿಡ್ತೈತಿ ಅಂತ. ಹಳೇ ಗಾಡಿ ನಿಲ್ಲಿಸಿ ಎರಡು ತಿಂಗಳಾತು, ಆಯಿನ್ನ ದವಾಖಾನಿಗೆ ಆಟೋದಾಗ ಕರಕೊಂಡ ಹೋಗ್ತಾನಂತ ಅವ್ವಾರ ಹೇಳಿದ್ರು. ನನಗ ಸರಿ ಅನಿಸಲಿಲ್ಲ

ಅಪ್ಪಾ: ಆತು ಬಿಡು

ಅಕ್ಕ ಹುಬ್ಬಳ್ಳಿ: ಕಾಕಾ ಸಿಟ್ಟ ಆಗಬ್ಯಾಡ್ರಿ. ನೀವು ತಿಂಗಳಿಗೆ ಎಷ್ಟ ಓಡಸ್ತೀರಿ?

ಸಣ್ಣ ಕಾಕಾ: ಎರಡು ಸಾವಿರ ಆಗ್ತೈತಿ. ಸೀಜನ್‌ದಾಗ ಇನ್ನೂ ಹೆಚ್ಚು

ಅಕ್ಕ ಹುಬ್ಬಳ್ಳಿ: ವರ್ಷಕ್ಕ 24 ಸಾವಿರ. ಪೆಟ್ರೋಲ್ ಗಾಡಿ ಆದ್ರ 1,45,000 ಆಗ್ತೈತಿ, ಡೀಸೆಲ್ 1,04,000. ವರ್ಷಕ್ಕ 41 ಸಾವಿರ ಉಳೀತೈತಿ, ಒಂದು ಹತ್ತು ಮೂರು ವರ್ಷ ಆಗೂದ್ರಾಗ ಕೈಗೆ ಬರ್ತೈತಿ. ಮೀಟರ್ ಖರೆ ಇತ್ತು, ಟ್ಯಾಕ್ಸ್ ಸೇರಿಸಿ ರೇಟ್ ಇಳಸಿದ ಅಂದ್ರ ಅದನ್ನ ನೀವ ತಗೋರಿ. ನಿಮ್ಮ ಜೀಪಿನ ಕ್ಲಚ್ ಹೋಗೈತಿ ಅಂತ ಹೋದ ವಾರ ನೀವ ಹೇಳಿದ್ರಿ

ಸಣ್ಣ ಕಾಕಾ: ನನ್ನ ಲೆಕ್ಕ ನಿನಗ ಯಾರ ಕೇಳಿದ್ರು

ಸಣ್ಣ ಕಾಕಾ: 41 ಅಂದ್ಯಾ?

ಅಕ್ಕ ಹುಬ್ಬಳ್ಳಿ: ಹೌದ್ರಿ 41

ಸಣ್ಣ ಕಾಕಾ: ಸೋಮವಾರ ಸರ್ವಿಸ್ ರೆಕಾರ್ಡ್ ಕೇಳ್ತೀನಿ. ಕೊಡಂಗಿಲ್ಲ ಅಂದ್ರ ಟೋಕನ್ ವಾಪಸ್ ಇಸಗೋತೀನಿ, ಹೆಂಗ ಕೊಡಂಗಿಲ್ಲ ನೋಡ್ತೀನಿ

ಅಪ್ಪಾ: ವ್ಯಾಗನಾರ್ ಎಲ್ಲಿ ಐತಿ

ಅಕ್ಕ ಹುಬ್ಬಳ್ಳಿ: ನಮ್ಮನಿ ಹಿಂದಿನ ಓಣ್ಯಾಗ ಅಪ್ಪಾ, ಮಾಲಕರ ಖುದ್ದ ಮಾರಾಕ ಹತ್ಯಾರ. ಮುಂಜಾನೆ ಎಂಜಿನ್ ತಣ್ಣಗ ಇದ್ದಾಗ ಬಂದು ಸ್ಟಾರ್ಟ್ ಮಾಡಿ ನೋಡ್ಬೇಕು, ಅವರಿಗೆ ಮೊದಲ ಚಾಲೂ ಮಾಡಿ ಇಡಬ್ಯಾಡ್ರಿ ಅಂತ ಹೇಳಿರ್ತೀನಿ

ಅಪ್ಪಾ: ರವಿವಾರ ಮುಂಜಾನೆ ಬಸ್ಸಿಗೆ ಬರ್ತೀವಿ. ತಮ್ಮಾ ನೀನೂ ಬಾ, ಎಂಜಿನ್ ನಿನಗ ತಿಳೀತೈತಿ. ಆಯಿನ್ನೂ ಕರಕೊಂಡ ಬರ್ತೀನಿ, ಮೊದಲ ಅಕಿ ಹತ್ತಿ ಇಳದು ನೋಡ್ಲಿ

ಸಣ್ಣ ಕಾಕಾ: ಬಸ್ ಯಾಕ, ನಾ ಜೀಪ್ ತರ್ತೀನಿ

ಅವ್ವ: ಆಯಿ ಜೀಪ್ ಬ್ಯಾಡ ಅಂತಾಳ. ಮತ್ತ ರವಿವಾರ ಸುಸಲಾ ಕಟಗೊಂಡ ಬರ್ತೀನಿ, ಎಷ್ಟ ಮಂದಿ ಆಗ್ತೀರಿ ಈಗ ಹೇಳ್ರಿ